ಮೀಟರ್ ದೊಡ್ಡಮ್ಮನ ಸರ್ವೆ

ನಮ್ಮ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವಳು. ಅವಳನ್ನು ಕಂಡರೆ ಬೀದಿನಾಯಿಗಳೂ ಬೊಗಳುವುದನ್ನು ಬಿಟ್ಟಿದ್ದವು. ನಿವೃತ್ತಿಯಾದರೂ ಸುಮ್ಮನೆ ಕೂರುವ ಜೀವವಲ್ಲ. ಹೊಳೆಗೆ ತಡೆಗೋಡೆ ಕಟ್ಟಲು ಸರ್ಕಾರ ದುಡ್ಡು ಹಾಕಬೇಕೇ ಬೇಡವೇ ಎಂದು ಜನರನ್ನು ಕೇಳುವ ಸರ್ವೆಗೆ ಆಳು ಬೇಕೆಂದಾಗ ಮೊದಲು ಹೋಗಿ ನಿಂತವಳು ಇವಳೇ.

ಒಳಗೊಂದು ಆಸೆ ಇತ್ತು, ಸುಳ್ಳೇಕೆ? ಅವಳ ತಂಗಿ, ಅಂದರೆ ನನ್ನ ಅಮ್ಮ, ಅದೇ ಬೀದಿಯ ನೆಲಮಹಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಹೊಳೆ ಎರಡು ಸಲ ಒಳಗೆ ಬಂದು ಅವಳ ಮಿಷನ್ ಮುಳುಗಿಸಿತ್ತು. ಬೀದಿಯಲ್ಲಿ ಹೆಚ್ಚು ಜನ ಬೇಡವೆಂದರೆ ಗೋಡೆ ಬೇರೆ ಕಡೆಗೆ ಹೋಗುತ್ತಿತ್ತು.

ಮಹಡಿಯವರದೆಲ್ಲ ಒಂದೇ ರಾಗ. "ನಮ್ಮನೆಗೆ ನೀರು ಬರಲ್ಲ. ನಮ್ಮ ತೆರಿಗೆ ಯಾಕೆ ಹೊಳೇಲಿ ಸುರೀಬೇಕು?" ಎಂದರು ಮೂರನೇ ಮಹಡಿಯ ಮೇಷ್ಟ್ರು. ಜನರ ಮನಸ್ಸು ತಿರುಗಿಸುವ ಮಾತಾಡಬಾರದೆಂಬುದು ಸರ್ವೆಯ ನಿಯಮ. ದೊಡ್ಡಮ್ಮ ತುಟಿ ಪಿಟಕ್ಕೆನ್ನದೆ 'ಬೇಡ' ಎಂದೇ ಗುರುತು ಹಾಕಿದಳು. ಆಮೇಲೆ, "ಮೀಟರ್ ನಂಬರಿಗೆ ಕಾಲಂ ಇದೆ ಮೇಷ್ಟ್ರೇ. ಕೆಳಗೆ ಬಂದು ಓದಿ ಹೇಳಿ" ಎಂದಳು. ಆ ನಂಬರ್ ಅವಳಿಗೆ ಬಾಯಿಪಾಠ.

ಕಟ್ಟಡದ ಮೀಟರುಗಳೆಲ್ಲ ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ. ಪೆಟ್ಟಿಗೆಯ ಮೂಲೆಯಲ್ಲಿ ಹೊಳೆಯ ಕೆಸರು ಇನ್ನೂ ಒಣಗಿ ಕೂತಿತ್ತು. ಮೇಷ್ಟ್ರು ಅದನ್ನು ಬೆರಳಲ್ಲಿ ಮುಟ್ಟಿದರು.

"ಹೋದ ಸಲ ಇದು ಮುಳುಗಿ ಎಂಟು ದಿನ ಕರೆಂಟಿರಲಿಲ್ಲ. ಟ್ಯಾಂಕಿಗೆ ನೀರೂ ಏರಲಿಲ್ಲ. ಕಾಯಿಲೆ ಬಿದ್ದಿದ್ದ ನನ್ನ ಹೆಂಡತೀನ ಕುರ್ಚೀಲಿ ಹೊತ್ಕೊಂಡು ಇಳಿಸಿದ್ವಿ." ಬೆರಳಿನ ಮಣ್ಣು ಒರೆಸಿಕೊಂಡು, "ಆ ಉತ್ತರ ಬದಲಾಯಿಸಬಹುದಾ?" ಎಂದು ಕೇಳಿದರು.

"ಸಹಿ ಹಾಕೋವರೆಗೂ ಬದಲಾಯಿಸ್ಬಹುದು."

ಹೀಗೆಯೇ ಮಹಡಿಯವರನ್ನೆಲ್ಲ ಇಳಿಸಿದಳು. ವಕೀಲರೊಬ್ಬರು ಮಾತ್ರ ನಂಬರ್ ಓದಿ, ಬೇಡವೆಂದು ಕಡ್ಡಿ ಮುರಿದಂತೆ ಹೇಳಿ ಮೇಲೆ ಹತ್ತಿದರು. ಅದನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆದುಕೊಂಡಳು. ಬೀದಿ 'ಬೇಕು' ಎಂದಿತು. ಗೋಡೆ ಈಗ ಸೊಂಟದೆತ್ತರಕ್ಕೆ ಬಂದಿದೆ. ಆದರೆ ನನಗೆ ಮರೆಯಲಾಗದ್ದು ಅವಳು ಕಡೆಯದಾಗಿ ತುಂಬಿದ ಫಾರಂ, ನಮ್ಮ ಮನೆಯದು.

ಅಮ್ಮ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನನ್ನನ್ನೇನು ಕೇಳ್ತೀಯಕ್ಕ? ಬರ್ಕೊಂಡು ಹೋಗು."

"ಕೇಳದೆ ಬರೆಯೋ ಹಾಗಿಲ್ಲ" ಎಂದ ದೊಡ್ಡಮ್ಮ, ಪರಿಚಯವೇ ಇಲ್ಲದವಳಂತೆ ಪ್ರಶ್ನೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು.

ಅಮ್ಮ ಮಿಷನ್ ನಿಲ್ಲಿಸಿ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು.

"ಹೊಳೆ ಎರಡು ಸಲ ಬಂತು, ನನ್ನನ್ನ ಕೇಳಿ ಬರಲಿಲ್ಲ. ಆಮೇಲೂ ಯಾರೂ ಕೇಳಲಿಲ್ಲ. ಬೇಕು ಅಂತ ಬರಿ ಅಕ್ಕ. ದಪ್ಪಗೆ ಬರಿ."