ಹೆಸರು ಹೇಳದ ಪ್ರಾರ್ಥನೆ

ಹೋದ ತಿಂಗಳು ಇಂಡಿ ಸಂತೆಯಲ್ಲಿ ಲಿಂಬೆಹಣ್ಣು ಮಾರುವ ಹುಸೇನಬಿ ನನಗೆ ಎರಡು ಹಣ್ಣು ಜಾಸ್ತಿ ಹಾಕಿದಳು. ನಾನು ಕೇಳಿರಲಿಲ್ಲ. ಕೇಳಿದರೂ ಕೊಡುವವಳಲ್ಲ ಅವಳು. ಅವಳ ಕೈ ಬಿಗಿ ಅನ್ನುವುದು ಇಡೀ ಸಂತೆಗೆ ಗೊತ್ತು.

"ಚಿಂತಿ ಮಾಡಬ್ಯಾಡ್ರಿ ಅಕ್ಕೋರ," ಅಂದಳು, ಚೀಲ ನನ್ನ ಕೈಗಿಡುತ್ತ. "ಹೆಣ್ಣುಮಕ್ಕಳ ಸಂಸಾರ ಅಂದಮ್ಯಾಗ ಇವೆಲ್ಲಾ ಇರೂವ. ಎಲ್ಲಾ ಸರಿ ಆಕ್ಕೈತಿ."

ಅಕ್ಕೋರು ಅಂದರೆ ನಾನೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಮಗಳು ಗಂಡನ ಮನೆ ಬಿಟ್ಟು ನನ್ನ ಹತ್ತಿರ ಬಂದಿರುವ ಸಂಗತಿಯನ್ನು ಆ ಹೊತ್ತಿಗೆ ನಾನು ಒಬ್ಬರಿಗೆ ಹೇಳಿದ್ದೆ. ಆಮೇಲೆ ದೇವರಿಗೆ ಹೇಳಿದ್ದೆ. ದೇವರು ಇಂಡಿ ಸಂತೆಗೆ ಬಂದು, ಲಿಂಬೆಹಣ್ಣು ಆರಿಸುತ್ತ, ಹುಸೇನಬಿಯ ಜೊತೆ ನನ್ನ ಮನೆಯ ಸುದ್ದಿ ಮಾತಾಡಿರುವ ಸಂಭವ ಕಡಿಮೆ. ಹಾಗಾದರೆ ಉಳಿದವರು ಯಾರು?

"ನಿನಗ ಯಾರು ಹೇಳಿದ್ರು?" ಅಂದೆ.

"ನಿಮ್ಮ ಚರ್ಚಿನ ಅಕ್ಕಾರೊಬ್ಬರು ಬಂದಿದ್ರು. ಫೋನಿನ್ಯಾಗ ಫೋಟೋ ತೋರಿಸಿದ್ರು. ಮದುವಿ ಫೋಟೋ. ಛಂದ ಅದಾಳ್ರಿ ನಿಮ್ಮ ಮಗಳು. ನಾನೂ ದುವಾ ಮಾಡ್ತೇನಿ ಅಂತ ಹೇಳಿ ಕಳಿಸೇನಿ."

ಮದುವೆ ಫೋಟೋ?

ಮುಂದೆ ಹೋಗುವ ಮೊದಲು ಒಂದು ಮಾತು. ಮಗಳು ಯಾಕೆ ಬಂದಳು, ಅಲ್ಲಿ ಏನಾಯಿತು ಅನ್ನುವುದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳನ್ನು ಯಾವ ಊರಿಗೆ ಕೊಟ್ಟಿದ್ದೆವು ಅನ್ನುವುದನ್ನೂ ಬರೆಯುವುದಿಲ್ಲ. ಅವಳ ಹೆಸರೂ ಇಲ್ಲ. (ಇದನ್ನು ಓದಿ ನಿಮಗೆ ಸ್ವಲ್ಪ ನಿರಾಸೆ ಆಯಿತಲ್ಲವೇ? ಆಗಲಿ. ಆ ನಿರಾಸೆಯ ಬಗ್ಗೆಯೇ ಈ ವಾರದ ಮಾತು.)

ನಾನು ಹೇಳಿದ್ದು ನಮ್ಮ ವೈನಿಗೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಸಿಂದಗಿಯಲ್ಲಿರುತ್ತಾರೆ. (ಅವರ ಊರು ಹೇಳಬಹುದು. ಅವರೇನೂ ಯಾರ ಊರನ್ನೂ ಬಚ್ಚಿಟ್ಟವರಲ್ಲ.) ನನ್ನ ಯಜಮಾನರು ತೀರಿಕೊಂಡ ಮೇಲೆ ಮನಸ್ಸು ಭಾರವಾದಾಗೆಲ್ಲ ನಾನು ಫೋನು ಮಾಡುವುದು ಅವರಿಗೇ. ಅವತ್ತೂ ಮಾಡಿದೆ. "ಯಾರಿಗೂ ಹೇಳಬ್ಯಾಡ್ರಿ ವೈನಿ, ಪ್ರಾರ್ಥನಾ ಮಾಡ್ರಿ ಅಷ್ಟ" ಅಂದೆ. ಅವರು "ಆಮೆನ್" ಅಂದರು. ನಾನು ನಿಶ್ಚಿಂತೆಯಿಂದ ಫೋನಿಟ್ಟೆ.

ನಮ್ಮ ಕಡೆಯ ಕ್ರೈಸ್ತರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ಅದರಲ್ಲಿವೆ. ನಾವು ಇರುವುದೇ ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ಒಬ್ಬರಿಗೆ ಜ್ವರ ಬಂದರೆ ಪಕ್ಕದ ತಾಲೂಕಿನಲ್ಲಿ ಮೊಣಕಾಲೂರುತ್ತಾರೆ. ಒಳ್ಳೆಯದೇ. ನಾನೂ ಆ ಗ್ರೂಪಿನಲ್ಲಿದ್ದೇನೆ, ಆದರೆ ಶಾಲೆಯ ಹೊತ್ತಿನಲ್ಲಿ ನನ್ನ ಫೋನು ಚೀಲದಿಂದ ಹೊರಗೆ ಬರುವುದಿಲ್ಲ. ಹುಸೇನಬಿಯ ಪಕ್ಕದಲ್ಲೇ ನಿಂತು ತೆರೆದು ನೋಡಿದೆ.

ಮೇಲೆ ವೈನಿ ಕಳಿಸಿದ ಮಗಳ ಮದುವೆ ಫೋಟೋ. ಕೆಳಗೆ ಹೀಗಿತ್ತು: "ಪ್ರಾರ್ಥನಾ ವಿನಂತಿ. ಇಂಡಿಯ ನಮ್ಮ ಪ್ರಿಯ ಸಹೋದರಿಯ ಮಗಳು ಗಂಡನ ಮನೆ ಬಿಟ್ಟು ಬಂದಿರುತ್ತಾಳೆ. ಸೈತಾನನ ಕಾರ್ಯವು ಮುರಿಯಲ್ಪಡುವಂತೆ ಎಲ್ಲರೂ ಭಾರದಿಂದ ಪ್ರಾರ್ಥಿಸಿರಿ." ಪಕ್ಕದಲ್ಲಿ ಮುಗಿದ ಕೈಗಳ ಚಿತ್ರ, ಸಾಲಾಗಿ.

ಅದರ ಕೆಳಗೆ ಆಮೆನ್, ಆಮೆನ್, ಆಮೆನ್. ಬೆರಳಿನಿಂದ ಎಷ್ಟು ಸರಿಸಿದರೂ ಆಮೆನ್ ಮುಗಿಯಲಿಲ್ಲ. ನಡುವೆ ಒಬ್ಬ ಪುಣ್ಯಾತ್ಮರು ಕೇಳಿದ್ದರು: "ಕಾರಣ ತಿಳಿಸಿದರೆ ಸ್ಪಷ್ಟವಾಗಿ ಪ್ರಾರ್ಥಿಸಲು ಅನುಕೂಲವಾಗುತ್ತದೆ."

ಹೌದೇ? ಕಾರಣ ಗೊತ್ತಿಲ್ಲದೆ ಹೋದರೆ ನಿಮ್ಮ ಪ್ರಾರ್ಥನೆ ದಾರಿ ತಪ್ಪಿ ಬೇರೆ ಮನೆಗೆ ಹೋಗುತ್ತದೆಯೇ?

ನಾನು ಮನೆಗೆ ಬರುವಷ್ಟರಲ್ಲಿ ಮಗಳಿಗೂ ಗೊತ್ತಾಗಿತ್ತು. ಅವಳ ಜೊತೆ ಸಂಡೇ ಸ್ಕೂಲಿಗೆ ಬರುತ್ತಿದ್ದ ಮೋರಟಗಿಯ ಗೆಳತಿ "ಸ್ಟ್ರಾಂಗ್ ಆಗಿರು" ಅಂತ ಮೆಸೇಜು ಕಳಿಸಿದ್ದಳಂತೆ. ಮಗಳು ಫೋನನ್ನು ಕಪಾಟಿನ ಮೇಲೆ ಬೋರಲಾಗಿ ಇಟ್ಟು ಅಡುಗೆಮನೆಯಲ್ಲಿ ಕೂತಿದ್ದಳು.

"ಅವ್ವಾ, ನೀ ಯಾರಿಗಿ ಹೇಳಿದಿ?"

"ನಿಮ್ಮ ಸಿಂದಗಿ ಅತ್ತಿ ಒಬ್ಬಾಕಿಗೇ. ಪ್ರಾರ್ಥನಾ ಮಾಡಲಿ ಅಂತ."

"ನಾ ನಿನಗ ಹೇಳಿದ್ದೆ," ಅಂದಳು. "ಅತ್ತಿಗಲ್ಲ."

ಅಷ್ಟೇ. ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿದ್ದು ಹಾಲು, ಗ್ಯಾಸು, ನೀರು ಬಂತು, ನೀರು ಹೋಯಿತು. ಬಂದ ಹೊಸದರಲ್ಲಿ ರಾತ್ರಿ ಊಟವಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಪ್ರಾರ್ಥನೆ ಮಾಡುತ್ತಿದ್ದೆವು. ಅದೂ ನಿಂತಿತು. ರವಿವಾರ ಚರ್ಚಿಗೆ ಹೊರಟಾಗ "ತಲಿ ನೋಯಾಕತ್ತೈತಿ" ಅಂದಳು. ಆ ತಲೆನೋವು ಆಮೇಲೆ ಪ್ರತಿ ರವಿವಾರ ಬಂತು.

ಅಳಿಯ ಆ ವಾರ ಬಂದು ಮಾತಾಡುವವನಿದ್ದ. ಬರಲಿಲ್ಲ. ಅವನ ಬದಲು, ಆ ಮೆಸೇಜು ಓದಿದ ಅವನ ತಾಯಿಯ ಫೋನು ಬಂತು.

"ಸೈತಾನ ಅಂದ್ರ ಯಾರ್ರೀ ಬೀಗರ? ನಮ್ಮ ಹುಡುಗನೇನು?"

ನಾನು ಏನು ಹೇಳಲಿ? ಅದು ನಮ್ಮ ಪ್ರಾರ್ಥನೆಯ ಭಾಷೆ, ಎಲ್ಲದಕ್ಕೂ ಹಾಗೇ ಬರೆಯುತ್ತೇವೆ, ಕರೆಂಟು ಹೋದರೂ ಸೈತಾನನ ಕಾರ್ಯವೇ ಅನ್ನುತ್ತೇವೆ ಅಂತ ಹೇಳಲೇ? ಅಷ್ಟರಲ್ಲಿ ಅವರು ಫೋನಿಟ್ಟರು.

ಇನ್ನು ವೈನಿ. ನನ್ನ ಸಿಟ್ಟು ಎಂಥದ್ದು ಅಂತ ಈ ಅಂಕಣ ಓದುವ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಫೋನು ಎತ್ತಿದ ಕೂಡಲೇ ಶುರು ಮಾಡಿದೆ. ವೈನಿ ಪೂರಾ ಕೇಳಿಸಿಕೊಂಡರು. ಆಮೇಲೆ ಅಂದರು:

"ನಾ ಏನು ಚಾಡಿ ಹೇಳೇನೇನು? ಪ್ರಾರ್ಥನಾಕ್ಕ ಹಾಕೇನಿ. ನಾಕು ಮಂದಿ ಮಾಡೂದು ನಲವತ್ತು ಮಂದಿ ಮಾಡಲಿ ಅಂತ. ಫೋಟೋ ಯಾಕ ಹಾಕಿದೆ ಅಂತೀಯಲ್ಲ, ಮಾರಿ ಕಂಡ್ರ ಮಂದಿಗಿ ಮನಸು ಕರಗತೈತಿ. ಶುಕ್ರವಾರ ಉಪಾಸ ಹಿಡದೇನಿ ನಿನ್ನ ಮಗಳ ಸಲುವಾಗಿ. ನೀ ಹಿಡದೀಯೇನು?"

ನಾನು ಹಿಡಿದಿರಲಿಲ್ಲ. ಶುಕ್ರವಾರ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು ಶಾಲೆಗೆ ಹೋಗಿದ್ದೆ.

ತೊಂದರೆ ಇಲ್ಲೇ ಇದೆ ನೋಡಿ. ವೈನಿ ಕೆಟ್ಟವರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಅವರು ಹಸಿದುಕೊಂಡು ನನ್ನ ಮಗಳಿಗಾಗಿ ಅತ್ತಿದ್ದಾರೆ. ಆದರೆ ಅಳುವ ಮೊದಲು ಫಾರ್ವರ್ಡ್ ಮಾಡಿದ್ದಾರೆ. ಚಾಡಿಯನ್ನು ನಾವು ಚಾಡಿ ಅಂತ ಹೇಳುವುದಿಲ್ಲ, ಅದು ಪಾಪ. ಅದಕ್ಕೆ ಮೇಲೊಂದು ಸಾಲು "ಪ್ರಾರ್ಥನಾ ವಿನಂತಿ" ಅಂತ ಬರೆದರೆ ಅದೇ ಪುಣ್ಯವಾಗಿಬಿಡುತ್ತದೆ. ಮೈಮೇಲೆ ಟ್ಯೂಬುಗಳಿರುವ ಅಪ್ಪನ ಫೋಟೋ, ಆಪರೇಷನ್ನಿನ ಹೊಲಿಗೆ, ಫೇಲಾದ ಹುಡುಗನ ಹೆಸರು, ಕುಡಿಯುವ ಗಂಡನ ಹೆಸರು, ಎಲ್ಲ ಅದರಲ್ಲಿ ಬರುತ್ತದೆ. (ನಮ್ಮ ಗ್ರೂಪಿನಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಬಳಗದ ಗ್ರೂಪನ್ನೂ ಒಮ್ಮೆ ತೆರೆದು ನೋಡಿ. ಅಲ್ಲಿ ಆಮೆನ್ ಇರಲಿಕ್ಕಿಲ್ಲ, ಕೈಮುಗಿದ ಚಿತ್ರ ಅದೇ ಇರುತ್ತದೆ.) ನಾನೂ ಒತ್ತಿದ್ದೇನೆ ಆಮೆನ್ನು, ಸಾರಿಗೆ ಒಗ್ಗರಣೆ ಹಾಕುತ್ತ. ಅವರಿಗಾಗಿ ಪ್ರಾರ್ಥಿಸಿದೆನೋ, ಅವರ ಸುದ್ದಿ ಓದಿದೆನೋ? ನನ್ನ ಮಗಳ ಫೋಟೋ ಅಲ್ಲಿಗೆ ಬರುವ ತನಕ ನನಗೆ ಈ ಪ್ರಶ್ನೆಯೇ ಎದ್ದಿರಲಿಲ್ಲ.

ಆ ದಿನಗಳಲ್ಲಿ ನನಗೆ ಬಿಟ್ಟೂ ಬಿಡದೆ ದೀನವ್ವ ಆಯಿ ನೆನಪಾದಳು.

ನಾನು ಹುಟ್ಟಿ ಬೆಳೆದದ್ದು ಮನಗೂಳಿಯಲ್ಲಿ. ಅಲ್ಲಿ ದೀನವ್ವ ಅಂತ ಒಬ್ಬ ಮುದುಕಿ ಇದ್ದಳು, ನಮ್ಮ ಸಭೆಯವಳೇ. ಕೆಲಸವೇನೆಂದರೆ ಮನೆ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು. ಸಂಬಳವಿಲ್ಲ. ಕೊಟ್ಟರೆ ಒಂದು ಬಟ್ಟಲು ಚಹಾ. ಊರವರೆಲ್ಲ ಅವಳನ್ನು ಪ್ರಾರ್ಥನಿ ಆಯಿ ಅನ್ನುತ್ತಿದ್ದರು. ನಮ್ಮವರಷ್ಟೇ ಅಲ್ಲ, ಲಿಂಗಾಯತರ ಮನೆಯಿಂದಲೂ ಕರೆ ಬರುತ್ತಿತ್ತು, ಸಾಬರ ಮನೆಯಿಂದಲೂ. ಅವಳು ಹೋಗುವಳು, ಸೆರಗು ತಲೆಗೆ ಹೊದ್ದುಕೊಳ್ಳುವಳು, ಕಷ್ಟದಲ್ಲಿದ್ದವರ ಪಕ್ಕ ಕೂರುವಳು. ಅವರು ಹೇಳಿದರೆ ಕೇಳುವಳು. ಹೇಳದಿದ್ದರೆ ಕೇಳದೆ ಕೂರುವಳು. ಕೊನೆಗೆ ಕಣ್ಣು ಮುಚ್ಚಿ ಒಂದೇ ಪ್ರಾರ್ಥನೆ:

"ಸ್ವಾಮಿ, ಈ ಮನ್ಯಾಗ ಒಬ್ಬರಿಗಿ ತ್ರಾಸ ಐತಿ. ಯಾರಿಗಿ, ಏನು, ನಿನಗ ಗೊತ್ತೈತಿ. ನಾ ಏನು ಹೇಳಲಿ. ಆಮೆನ್."

ಎಲ್ಲ ಮನೆಯಲ್ಲೂ ಇದೇ. ಹೆರಿಗೆಗೂ ಇದೇ, ಹೊಟ್ಟೆನೋವಿಗೂ ಇದೇ, ಮಗ ಓಡಿಹೋದದ್ದಕ್ಕೂ ಇದೇ. ಮಕ್ಕಳಾದ ನಾವು ಅವಳ ಹಾಗೆ ಸೆರಗು ಹೊದ್ದು ಅಣಕಿಸಿ ನಗುತ್ತಿದ್ದೆವು. ಬೈಬಲ್ ಬಾಯಿಪಾಠ ಇಲ್ಲದ ಮುದುಕಿ, ಬೇರೆ ಏನೂ ಬರುವುದಿಲ್ಲ ಪಾಪ, ಅನ್ನುತ್ತಿದ್ದರು ದೊಡ್ಡವರು.

ಒಮ್ಮೆ ನಮ್ಮ ಬಾಜೂ ಮನೆಯಲ್ಲಿ ಏನೋ ದೊಡ್ಡ ಗದ್ದಲವಾಗಿ, ಮೂರು ದಿನ ಬಾಗಿಲು ಮುಚ್ಚಿತ್ತು. ಆಯಿ ಒಳಗೆ ಹೋಗಿ ಬಂದಳು. ನಮ್ಮವ್ವ ಅವಳನ್ನು ಕರೆದು, ಚಹಾ ಕೊಟ್ಟು, ಮೆಲ್ಲಗೆ ಕೇಳಿದಳು. "ಏನಂತ ಆಯಿ ಅವರ ಮನಿ ತ್ರಾಸ?"

ಆಯಿ ಚಹಾ ಕುಡಿದು ಬಟ್ಟಲು ಕೆಳಗಿಟ್ಟಳು. "ನನಗೇನು ಗೊತ್ತವ್ವಾ. ಅವರು ದೇವರಿಗಿ ಹೇಳ್ಯಾರ. ನಾ ಬಾಜೂಕ ಕುಂತಿದ್ದೆ, ಅಷ್ಟ."

ಇಷ್ಟು ವರ್ಷದಲ್ಲಿ ನಾನು ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಮೈಕಿನಲ್ಲಿ ಕೇಳಿದ್ದೇನೆ, ಟೆಂಟು ಹಾಕಿದ ದೊಡ್ಡ ಕೂಟಗಳಲ್ಲಿ ಕೇಳಿದ್ದೇನೆ, ಈಗ ಫೋನಿನಲ್ಲೂ ಕೇಳುತ್ತೇನೆ. ಆದರೆ ಈ ತಿಂಗಳು ನನ್ನ ಜೀವ ಹಂಬಲಿಸಿದ್ದು ಆ ಮುದುಕಿ ಒಮ್ಮೆ ನಮ್ಮ ಮನೆಗೆ ಬರಲಿ ಅಂತ. ಬಂದು ನನ್ನ ಮಗಳ ಪಕ್ಕದಲ್ಲಿ ಕೂರಲಿ. ಯಾಕೆ ಅಂತ ಕೇಳದಿರಲಿ. ಅವಳು ಮಣ್ಣಾಗಿ ಎಷ್ಟು ಕಾಲವಾಯಿತು. ಅವಳ ಕೆಲಸಕ್ಕೆ ನಾವು ಮತ್ತೆ ಯಾರನ್ನೂ ಕೂರಿಸಲಿಲ್ಲ. ಗ್ರೂಪ್ ಮಾಡಿಕೊಂಡೆವು.

ಹಾಗಾದರೆ ನಾನೇ ಯಾಕೆ ಕೂರಬಾರದು?

ಹೇಳುವಷ್ಟು ಸುಲಭವಲ್ಲ ಅದು. ಜೀವನವೆಲ್ಲ ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಉತ್ತರ ಬಾರದೆ ಯಾರನ್ನೂ ಕೂರಲು ಬಿಟ್ಟವಳಲ್ಲ. ಒಂದು ಸಂಜೆ ಮಗಳು ಹಿತ್ತಲ ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ನಾನೂ ಸೋಸತೊಡಗಿದೆ. ಅಳಿಯ ಫೋನು ಮಾಡಿದನೇ ಅನ್ನುವ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿದೆ. ಮುಂದೇನು ಮಾಡುತ್ತೀ ಅನ್ನುವುದು ಬಂತು. ಅದನ್ನೂ ನುಂಗಿದೆ. ಒಂದು ಕಟ್ಟು ಮುಗಿಯಿತು. ಎರಡನೆಯ ಕಟ್ಟು ಬಿಚ್ಚಿದಳು.

"ಏನರ ಕೇಳ್ತಿ ಅನ್ಕೊಂಡಿದ್ದೆ," ಅಂದಳು, ಸೊಪ್ಪಿನ ಕಡೆಗೇ ನೋಡುತ್ತ.

"ಇಲ್ಲ."

"ಯಾಕ?"

"ನನಗ ಗೊತ್ತಾದ್ರ ನಿಮ್ಮ ಸಿಂದಗಿ ಅತ್ತಿಗೂ ಗೊತ್ತಾಕ್ಕೈತಿ."

ಅವಳು ನಕ್ಕಳು. ಪೂರಾ ನಗುವಲ್ಲ, ಮೂಗಿನಲ್ಲಿ ಬಂದದ್ದು. ಆದರೆ ಆ ಸದ್ದನ್ನು ನಾನು ತಿಂಗಳಿನಿಂದ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಅವಳಿಗೆ ಕಾಣದ ಹಾಗೆ ಬೇರಿನ ಮಣ್ಣು ಝಾಡಿಸುತ್ತ ಕೂತೆ. ಅವಳು ಎದ್ದು ಹೋಗಲಿಲ್ಲ.

ಈ ಅಂಕಣ ಬರೆದು ಮೊದಲು ಅವಳಿಗೇ ಓದಲು ಕೊಟ್ಟೆ. ಅವಳು ಪೆನ್ನು ಹಿಡಿದು ಕೂತಳು. ಎಲ್ಲೆಲ್ಲಿ ಊರಿನ ಸುಳಿವಿತ್ತೋ ಅಲ್ಲಿ ಗೀಟು ಹಾಕಿದಳು. ಅಳಿಯನ ಬಗ್ಗೆ ನಾನು ಸಿಟ್ಟಿನಲ್ಲಿ ಬರೆದಿದ್ದ ಇಡೀ ಪ್ಯಾರಾ ಹೊಡೆದು ಹಾಕಿದಳು. (ಚೆನ್ನಾಗಿ ಬರೆದಿದ್ದೆ. ಹೋಯಿತು.) ವೈನಿಯ ಉಪವಾಸದ ಸಾಲನ್ನು ಮಾತ್ರ ಎರಡು ಸಲ ಓದಿದಳು. "ಇದಿರಲಿ," ಅಂದಳು.

ಧೈರ್ಯ ಬಂತು ನನಗೆ. "ಈ ರವಿವಾರ ಚರ್ಚಿಗಿ ಬರ್ತೀಯೇನು?" ಅಂತ ಕೇಳಿಬಿಟ್ಟೆ.

ಪೆನ್ನಿಗೆ ಮುಚ್ಚಳ ಹಾಕಿದಳು.

"ಬರ್ತೇನಿ," ಅಂದಳು. "ಆದ್ರ ಯಾರೂ ನನ್ನ ಸಲುವಾಗಿ ಪ್ರಾರ್ಥನಾ ಮಾಡಬಾರದು."

ಎಂಥ ಮಾತು ಇದು, ಚರ್ಚಿನ ಬಾಗಿಲಲ್ಲಿ ಬೆಳೆದ ಹುಡುಗಿ ಆಡುವಂಥದ್ದು? ಆದರೆ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದವರು ನಾವೇ.

ರವಿವಾರ ನಾವಿಬ್ಬರೂ ಹೆಂಗಸರ ಕಡೆ ಕೊನೆಯ ಬೆಂಚಿನಲ್ಲಿರುತ್ತೇವೆ. ನಾನು ಒಂದು ಪಕ್ಕ. ಅವಳ ಇನ್ನೊಂದು ಪಕ್ಕ ಖಾಲಿ ಇರುತ್ತದೆ. ಏನೂ ಕೇಳದೆ ಅಲ್ಲಿ ಬಂದು ಕೂರುವವರು ನಮ್ಮಲ್ಲಿ ಇನ್ನೂ ಯಾರಾದರೂ ಉಳಿದಿದ್ದೀರಾ?