ಮಹಾಲಿಂಗ ಶೆಟ್ಟರ ಶವಾಸನ

ಪುಣೆಯ ಕೋಥ್ರೂಡಿನಲ್ಲಿ ಹೋಟೆಲು ನಡೆಸುವ ಮಹಾಲಿಂಗ ಶೆಟ್ಟರದು ಇಡೀ ಬೀದಿಗೆ ಕೇಳುವ ಗಂಟಲು. ಡಾಕ್ಟರ ಮಾತು ಕೇಳಿ ಯೋಗ ಕ್ಲಾಸಿಗೆ ಹೊರಟ ಮೊದಲ ದಿನವೇ ಹೆಂಡತಿ ಲೀಲಾಕ್ಷಿ, "ಅಲ್ಲಿ ಬೊಬ್ಬೆ ಹಾಕ್ಬೇಡಿ ಮಾರಾಯ್ರೆ, ಮರ್ಯಾದೆ ಹೋಗ್ತದೆ" ಎಂದು ಎಚ್ಚರಿಸಿದಳು.

ಶೆಟ್ಟರು ಪಾಪ, ಬಾಯಿಗೆ ಬೀಗ ಹಾಕಿಕೊಂಡೇ ಹೋದರು. ಕ್ಲಾಸಿನ ನಿಯಮದಂತೆ ಬರಿಹೊಟ್ಟೆ. ಚಪ್ಪಲಿ ಬಾಗಿಲಾಚೆ, ಮೊಬೈಲು ಬಂದ್. ಯಾರ ಚಾಪೆಯನ್ನೂ ತುಳಿಯಲಿಲ್ಲ. ಸೊಂಟ ಹಿಡಿದುಕೊಂಡಾಗಲೂ 'ಅಯ್ಯೋ' ಎನ್ನದೆ ನುಂಗಿಕೊಂಡರು. ಯಾರಾದರೂ ಪಿಸುಗುಟ್ಟಿದರೆ ಕಣ್ಣಲ್ಲೇ ಸುಡುವ ಯೋಗ ಟೀಚರ್ ಮಾಧುರಿ ಮೇಡಂ ಕೂಡ ಮೆಚ್ಚಿ ತಲೆದೂಗಿದರು.

ಕೊನೆಗೆ ಶವಾಸನ. ಎಲ್ಲರೂ ಕಣ್ಣು ಮುಚ್ಚಿ ಅಂಗಾತ ಮಲಗಿದರು. ದಿನಾ ನಸುಕಿಗೇ ಏಳುವ ಶೆಟ್ಟರಿಗೆ ಆ ಮೌನದಲ್ಲಿ ಗಡದ್ದಾಗಿ ನಿದ್ದೆ ಹತ್ತಿತು. ನಿದ್ದೆಯಲ್ಲೇ, ಗಲ್ಲಾದಲ್ಲಿ ಕೂತವರಂತೆ ಅಡುಗೆಮನೆಯತ್ತ ಗುಡುಗಿದರು: "ಏಕ್ ಮಸಾಲಾ! ಬಟರ್ ಜಾಸ್ತಿ!"

ಯಾರೂ ನಗಲಿಲ್ಲ, ಮರ್ಯಾದಸ್ಥರ ಕ್ಲಾಸು. ಹತ್ತಾರು ಬರಿಹೊಟ್ಟೆಗಳು ಮಾತ್ರ ಗುರುಗುಟ್ಟಿದವು. ಅಷ್ಟರಲ್ಲಿ, ಕಣ್ಣು ಬಿಡದೆಯೇ, ಮಾಧುರಿ ಮೇಡಂ ಪಿಸುಗುಟ್ಟಿದರು: "ಅಣ್ಣಾ, ನನಗೂ ಏಕ್ ಮಸಾಲಾ."