ದಿನಕ್ಕೊಂದು ತಂಬಿಗೆ ನೀರು

ಮಿಸ್ತ್ರಿಯ ಎಡಗೆನ್ನೆಯಿಂದ ಕುತ್ತಿಗೆವರೆಗಿನ ಚರ್ಮ ಹಾಲಿನ ಕೆನೆ ಮುದುಡಿದ ಹಾಗಿತ್ತು. ಕೆಲಸ ಕಲಿಯುವಾಗ ಕಾದ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆದಿದ್ದನಂತೆ, ಕುದಿನೀರು ಮುಖಕ್ಕೆ ಚಿಮ್ಮಿತ್ತು. ಅಂದಿನಿಂದ ಹೊಗೆಯಾಡುತ್ತ ಬಂದ ಗಾಡಿಯನ್ನು ಕೂಡಲೇ ಮುಟ್ಟುತ್ತಿರಲಿಲ್ಲ. "ಸಿಟ್ಟಿನ್ಯಾಗ ಅದರಿ. ಮೊದಲ ಚಹಾ ಕುಡಿಯೋಣು" ಅಂತ ಕಲ್ಲಿನ ಮೇಲೆ ಕೂತುಬಿಡುತ್ತಿದ್ದ.

ಔರಾದದಲ್ಲಿ ಗಾಡಿ ರಿಪೇರಿಗೆ ಅವನದೊಂದು ತಗಡಿನ ಶೆಡ್. ಹುಟ್ಟಿದ್ದು ಭಾಲ್ಕಿ ಕಡೆಯ ಸಾಯಗಾಂವ. ಕಾರು ಕಾಯುತ್ತದೆ ಅಂತ ಬಂದವರಿಗೆ ಡಾಕ್ಟರ ಹಾಗೆ ಒಂದೇ ಪ್ರಶ್ನೆ: "ನೀರು ಎಷ್ಟು ಕುಡೀತದ?" ಉತ್ತರ ಸಿಗುವ ತನಕ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತಿರಲಿಲ್ಲ.

ನಮ್ಮೂರು ಠಾಣಾ ಕುಶನೂರ. ಮಗ ತಂದ ಹಳೆಯ ಬಿಳಿ ಕಾರು ಬೀದರ ಮುಟ್ಟುವುದರೊಳಗೆ ಕಾಯುತ್ತಿತ್ತು. ಮಿಸ್ತ್ರಿ ನಾಲ್ಕು ಸಲ ನಮ್ಮ ಅಂಗಳಕ್ಕೆ ಬಂದ. ಪೈಪು ಹಿಚುಕಿ ನೋಡಿದ, ಫ್ಯಾನು ನೋಡಿದ. ಕಾರಿನ ಕೆಳಗೆ ರಟ್ಟು ಹಾಸಿ ಹೋಗಿ ಮರುದಿನ ಬಂದು ನೋಡಿದ. ರಟ್ಟಿನ ಮೇಲೆ ಒಂದು ಹನಿ ಇರಲಿಲ್ಲ.

"ನೀರು ಒಟ್ಟ ಕಡಿಮಿ ಆಗಂಗಿಲ್ರಿ. ಯಾವಾಗ ನೋಡಿದ್ರೂ ತುಂಬೇ ಇರ್ತದ" ಅಂದ ಮಗ.

"ಮತ್ತ ನಾ ಹಾಕಿದ ಹಸಿರು ಕೂಲಂಟ್ ಯಾಕ ತೆಳ್ಳಗಾಗೇದ?"

"ನೀವೇ ಹಾಲಿನವರಂಗ ನೀರು ಬೆರೆಸಿರಬೇಕು!"

ಮಿಸ್ತ್ರಿ ನಕ್ಕ. ನಕ್ಕರೆ ಬಲಗೆನ್ನೆ ಮಾತ್ರ ನಗುತ್ತಿತ್ತು. "ಎರಡು ದಿನ ಕಾರು ನನ್ನ ಹಂತೇಲಿ ಶೆಡ್ಡಿನ್ಯಾಗ ಬಿಡ್ರಿ, ಯಾರೂ ಮುಟ್ಟಬಾರ್ದು" ಅಂದ. ಮಗ ಬಿಡಲಿಲ್ಲ.

ಚಹಾ ಹಿಡಿದು ನಾನು ಅಲ್ಲೇ ನಿಂತಿದ್ದೆ. ನೀರು ಬೆರೆಸಿದವಳು ನಾನು. ದಿನಾ ಮುಂಜಾನೆ ಕುರಿಗಳಿಗೆ ನೀರಿಟ್ಟ ಮೇಲೆ ಬಾನೆಟ್ ಎತ್ತಿ ಒಂದು ತಂಬಿಗೆ ಬೋರಿನ ನೀರು ಕಾರಿಗೂ ಸುರಿಯುತ್ತಿದ್ದೆ. ಬರಬರುತ್ತ ಎರಡು ತಂಬಿಗೆ ಹಿಡಿಯತೊಡಗಿತು. ಖಾಲಿ ಕಂಡದ್ದನ್ನು ತುಂಬುವುದು ನನ್ನ ಕೈಗೆ ಅಂಟಿದ ಚಾಳಿ. ಕಾರು ಮುಟ್ಟಬ್ಯಾಡ ಅಂತ ಮಗ ಬೈಯುತ್ತಿದ್ದ, ಅದಕ್ಕೇ ಬಾಯಿ ಬಿಡಲಿಲ್ಲ. ನೀರು ತುಂಬಿದರೆ ರೋಗ ಮುಚ್ಚಿಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಒಂದು ದಿನ ಬೆಳಗಾಗುತ್ತಲೇ ನಮ್ಮ ಮನೆಯವರಿಗೆ ಎದೆನೋವು. ಅವತ್ತು ಕುರಿಗೂ ನೀರಿಡಲಿಲ್ಲ, ಕಾರಿಗೂ ಹಾಕಲಿಲ್ಲ. ಆಂಬುಲೆನ್ಸಿಗೆ ಕಾಯುವ ಧೈರ್ಯವಾಗದೆ ಮಗ ಕಾರು ತೆಗೆದ. ಬೀದರದ ದಾರಿಯಲ್ಲಿ ಜನವಾಡ ಇನ್ನೂ ದೂರವಿತ್ತು, ಬಾನೆಟ್ಟಿನಿಂದ ಹೊಗೆ ಎದ್ದು ಇಂಜಿನ್ ನಿಂತಿತು. ಹಿಂದೆ ಬಂದ ಬಸ್ಸಿನವರು ನಮ್ಮ ಮನೆಯವರನ್ನು ಎತ್ತಿ ಹಾಕಿಕೊಂಡರು. ಬೀದರ ಬರುವುದರೊಳಗೆ ಅವರ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು.

ಐದನೇ ದಿನ ಮಿಸ್ತ್ರಿ ಬಂದ. ಎಳೆದು ತಂದು ನಿಲ್ಲಿಸಿದ್ದ ಕಾರಿನ ಇಂಜಿನ್ ಬಿಚ್ಚಿದ. ಒಳಗೆ ನೀರು ತಡೆಯುವ ಗ್ಯಾಸ್ಕೆಟ್ ಸುಟ್ಟಿತ್ತು. ನೀರು ನೆಲಕ್ಕೆ ಸೋರದೆ ಇಂಜಿನ್ನಿನೊಳಗೇ ಕುದಿದು ಹಬೆಯಾಗಿ ಹೋಗುತ್ತಿತ್ತು. ನೀರಿನ ದಾರಿಯಲ್ಲಿ ಬೆರಳಾಡಿಸಿದ. ನನ್ನ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಸುಣ್ಣ ಬೆರಳಿಗೆ ಬಂತು.

"ಅಮ್ಮಾ, ಬೋರಿನ ನೀರು ಯಾರು ಹಾಕ್ತಿದ್ರಿ?"

"ನಾನೇ. ದಿನಾ."

ಅವನು ನೆಲಕ್ಕೆ ಕೂತ. ಅಷ್ಟರಲ್ಲಿ ಮಗ ಒಳಗಿನಿಂದ ಬಂದ. "ಏನಾಗಿತ್ರಿ?"

"ನಂದೇ ಕಣ್ಣು ತಪ್ಪಿತ್ರಿ" ಅಂದ ಮಿಸ್ತ್ರಿ.

ಮಗ ಅವನ ಕಾಲರ್ ಹಿಡಿದು ಎತ್ತಿದ. "ನಮ್ಮಪ್ಪನ್ನ ನೀ ಕೊಂದಿ!" ಮಿಸ್ತ್ರಿ ಕೈ ಬಿಡಿಸಿಕೊಳ್ಳಲಿಲ್ಲ. ಗಾಡಿ ಆರಲೆಂದು ಕಾಯುವ ಹಾಗೆ ಸುಮ್ಮನೆ ನಿಂತ. ನಾನೂ ಸುಮ್ಮನೆ ನಿಂತೆ. ಅವನು ಸುಮ್ಮನಿದ್ದದ್ದು ನನ್ನ ಸಲುವಾಗಿ. ನಾನು ಸುಮ್ಮನಿದ್ದದ್ದೂ ನನ್ನ ಸಲುವಾಗಿಯೇ.

ಮಗ ಔರಾದದ ತುಂಬ ಹೇಳಿಕೊಂಡು ತಿರುಗಿದ. ಶೆಡ್ಡಿಗೆ ಗಾಡಿ ಬರುವುದು ನಿಂತಿತು. ಮಿಸ್ತ್ರಿ ಬಾಗಿಲು ಹಾಕಿ ಬೀದರದಲ್ಲಿ ಇನ್ನೊಬ್ಬರ ಗ್ಯಾರೇಜಿಗೆ ಕೂಲಿಗೆ ಹೋದ. ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಬಲಗೆನ್ನೆಯೂ ಇಳಿದಿತ್ತು.

"ಇವತ್ತ ಹೋಗಿ ಮಗನಿಗೆ ಹೇಳಿಬಿಡ್ತೇನಿ" ಅಂದೆ.

"ಹೇಳಬ್ಯಾಡ್ರಿ ಅಮ್ಮಾ. ನಂಗ ಬ್ಯಾರೆ ಊರು ಸಿಕ್ತು. ನಿಮ್ಮ ಮಗ ದಿನಾ ನಿಮ್ಮ ಕೈಯಾಗಿನ ರೊಟ್ಟಿ ತಿನ್ನಬೇಕು."

ಆ ಮಾತು ನನಗೆ ಅನುಕೂಲವಾಯಿತು. ಹೇಳಲಿಲ್ಲ. ಹಾಗೇ ಒಂಬತ್ತು ವರ್ಷ ನಡೆಸಿದೆ.

ಈ ರಂಜಾನ್ ಮುಗಿದ ವಾರ ಮಗ ಊಟಕ್ಕೆ ಕೂತವನು ಹೇಳಿದ: "ಆ ಮಿಸ್ತ್ರಿ ಸತ್ತನಂತ. ಸಾಯಗಾಂವದಾಗ ಮಣ್ಣು ಕೊಟ್ರಂತ. ಪೀಡಾ ಹೋತು."

ನಾನು ಒಲೆಯ ಮುಂದಿನಿಂದ ಎದ್ದೆ. ಅದೇ ತಂಬಿಗೆ ತಂದು ಅವನ ತಾಟಿನ ಪಕ್ಕ ಇಟ್ಟು ಎಲ್ಲಾ ಹೇಳಿದೆ. ಅಳಲಿಲ್ಲ. ಅವನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದು ಹೋದ.

ಇವತ್ತಿಗೂ ರೊಟ್ಟಿ ಬಡಿಯುವವಳು ನಾನೇ. ಅವತ್ತಿನಿಂದ ಅವನಿಗೆ ಬಡಿಸುವವಳು ಮಾತ್ರ ಸೊಸೆ.